ಸಹಾಯ ಬೇಕು: ಬೆಂಚಿಗೆ ಸೀನಿಯರ್ ಪ್ಲೇಯರ್ ಹಾಕ್ಕೊಳ್ಬೋದಾ?

ಕಾರವಾರ ಬದಿ ಬಾಸ್ಕೆಟ್‌ಬಾಲ್ ಆಡ್ಸೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ ಮಾರಾಯ್ರೆ. ನಮ್ಮ 12 ಜನರ ಲಿಸ್ಟಲ್ಲಿ ಒಂದು ಜಾಗ ಖಾಲಿ ಇದೆ, ನಲವತ್ತು ದಾಟಿದ ನಮ್ಮ ಹಳೇ ಸೆಂಟರ್ (ಬಾಸ್ಕೆಟ್ ಹತ್ರ ಆಡೋ) ಅಣ್ಣನ್ನ ಹಾಕ್ಕೊಳ್ಳೋಣ ಅಂತ ನಂಗೆ, ಹುಡುಗ್ರು ಅವ್ರ ಮೊಣಕಾಲು ನೋಡಿ ಬೇಡ ಅಂತಿದಾರೆ. ಓಡೋಕೆ ಆಗಲ್ಲ ನಿಜ, ಆದ್ರೆ ಬಾಕ್ಸ್ ಔಟ್ ಮಾಡೋದು (ರೀಬೌಂಡ್ ಚೆಂಡಿಗೆ ಎದುರಾಳಿ ಬರದಂಗೆ ಮೈಯಡ್ಡ ಕೊಡೋದು), ಸ್ಕ್ರೀನ್ (ನಮ್ಮೋನಿಗೆ ದಾರಿ ಬಿಡಿಸೋಕೆ ಎದುರಾಳಿಗೆ ಅಡ್ಡ ನಿಲ್ಲೋದು) ಎಲ್ಲಿ ಹಾಕ್ಬೇಕು ಅನ್ನೋದು ಅವ್ರಷ್ಟು ಯಾರಿಗೂ ಗೊತ್ತಿಲ್ಲ, ನಮ್ಮ ಉದ್ದ ಹುಡುಗ ಬೇರೆ ಮೂರನೇ ಕ್ವಾರ್ಟರಿಗೇ ನಾಲ್ಕು ಫೌಲ್ ಮಾಡ್ಕೊಂಡಿರ್ತಾನೆ, ಐದಾದ್ರೆ ಹೊರಗೆ. ಅಮೆರಿಕದ ಬಾಸ್ಕೆಟ್‌ಬಾಲ್ ಟೀಮ್ ಮಿಯಾಮಿ ಹೀಟ್‌ನೋರು ಉಡೋನಿಸ್ ಹ್ಯಾಸ್ಲೆಮ್‌ನ 2023ರ ತನಕ, 42 ವಯಸ್ಸಲ್ಲೂ ಇಟ್ಕೊಂಡಿದ್ರಲ್ಲ, ಆಡಿದ್ದು ಕಡಿಮೆ, ಹುಡುಗ್ರನ್ನ ತಿದ್ದಿದ್ದೇ ಜಾಸ್ತಿ.

ನಮ್ದು ಸಿಮೆಂಟ್ ಕೋರ್ಟು. ಸುಮ್ನೆ ಕೂತೋರನ್ನ ಒಮ್ಮೆಲೇ ಇಳಿಸಿದ್ರೆ ಮೊಣಕಾಲಿಗೆ ತೊಂದ್ರೆ ಆಗತ್ತಾ? 10 ನಿಮಿಷದ ಕ್ವಾರ್ಟರಲ್ಲಿ ಎಷ್ಟು ಹೊತ್ತು ಆಡಿಸ್ಬೋದು?