ವೆಬ್‌ಸೈಟ್, ಗೂಗಲ್, ರ್ಯಾಂಕ್: ಏನಿದ್ದರೂ ಇಲ್ಲಿ ಕೇಳಿ

ಅಡ್ಮಿನ್: ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಸೈಟ್ ಮೇಲೆ ಬರುವಂತೆ ಮಾಡುವ) ಕೆಲಸ ಮಾಡುವ ವಿ. ಮೇಡಂ ಇವತ್ತು ನಮ್ಮ ಜೊತೆ ಇದ್ದಾರೆ. ಒಬ್ಬರಿಗೆ ಒಂದು ಪ್ರಶ್ನೆ. ಮೇಲಿನ ಉತ್ತರ ಓದಿಕೊಂಡು ಕೇಳಿ.

ಕೆ. ಎಸ್.: ನಮಸ್ಕಾರ ಮೇಡಂ. ಹೊಸ ಸೈಟ್ ಮಾಡಿಸಿದ್ದೇನೆ. ಗೂಗಲ್ ಮೊದಲ ಪುಟಕ್ಕೆ ಬರಲು ಎಷ್ಟು ದಿನ ಬೇಕು?

ವಿ.: ನಮಸ್ಕಾರ. ದಿನದ ಲೆಕ್ಕ ಯಾರಿಂದಲೂ ಕೊಡಲು ಆಗುವುದಿಲ್ಲ. ಮೊದಲು ಸರ್ಚ್ ಕನ್ಸೋಲ್‌ಗೆ (ಸೈಟ್ ಮಾಲೀಕರಿಗಾಗಿ ಗೂಗಲ್ ಕೊಡುವ ಉಚಿತ ಟೂಲ್) ಸೈಟ್ ಸೇರಿಸಿ, ಪುಟಗಳು ಇಂಡೆಕ್ಸ್ ಆಗಿವೆಯಾ, ಅಂದರೆ ಗೂಗಲ್‌ನ ಪಟ್ಟಿಗೆ ಸೇರಿವೆಯಾ ನೋಡಿ. ಇಂಡೆಕ್ಸೇ ಆಗದ ಪುಟಕ್ಕೆ ರ್ಯಾಂಕ್ ಎಲ್ಲಿಂದ ಬರಬೇಕು? ಇಷ್ಟೇ ದಿನ ಎಂದು ಗ್ಯಾರಂಟಿ ಕೊಡುವವರಿಗೆ ದುಡ್ಡು ಕೊಡಬೇಡಿ.

ಜಿ. ಪಿ.: ಇನ್‌ಸ್ಟಾಗ್ರಾಂ ಚೆನ್ನಾಗಿ ಓಡುತ್ತಿದೆ. ವೆಬ್‌ಸೈಟ್ ಬೇಕೇ ಬೇಕಾ ಮೇಡಂ?

ಎಂ. ಆರ್.: ಮೇಡಂ, ವಿಚಿತ್ರ ತೊಂದರೆ. ಗೂಗಲ್‌ನಲ್ಲಿ ನಮ್ಮ ಸೈಟ್ ಹೆಸರು ಹುಡುಕಿದರೆ ಜಪಾನಿ ಅಕ್ಷರದ ನೂರಾರು ಪುಟ ಬರುತ್ತಿವೆ. ನಾವು ಬರೆದದ್ದಲ್ಲ. ಆ ಲಿಂಕ್ ನೇರವಾಗಿ ತೆರೆದರೆ ‘ಪುಟ ಇಲ್ಲ’ ಎನ್ನುತ್ತದೆ. ಸೈಟ್ ಮಾತ್ರ ನನಗೆ ಸರಿಯಾಗೇ ಕಾಣುತ್ತಿದೆ. ಗೂಗಲ್ ತಪ್ಪಾ?

ಎನ್. ಟಿ.: ಸುಲಭ ಬ್ರದರ್. ರೋಬೋಟ್ಸ್ ಫೈಲ್‌ನಲ್ಲಿ (ಯಾವ ಪುಟಕ್ಕೆ ಬರಬೇಡ ಎಂದು ಗೂಗಲ್‌ಗೆ ಹೇಳುವ ಫೈಲ್) ಆ ಪುಟಗಳನ್ನು ಬ್ಲಾಕ್ ಮಾಡಿ. ಮಾಯ ಆಗುತ್ತವೆ.

ವಿ.: ಎಂ. ಆರ್. ಅವರೇ, ಅದನ್ನು ಮಾತ್ರ ಮಾಡಬೇಡಿ. ಗೂಗಲ್ ತಪ್ಪಲ್ಲ, ನಿಮ್ಮ ಸೈಟ್ ಹ್ಯಾಕ್ ಆಗಿರುವ ಲಕ್ಷಣ ಇದು. ಒಳನುಗ್ಗಿದವರು ಗೂಗಲ್‌ಬಾಟ್‌ಗೆ (ಪುಟಗಳನ್ನು ಓದಲು ಬರುವ ಗೂಗಲ್‌ನ ಪ್ರೋಗ್ರಾಂ) ಒಂದು ಪುಟ, ನಿಮಗೆ ಇನ್ನೊಂದು ಪುಟ ತೋರಿಸುತ್ತಾರೆ. ಇದಕ್ಕೆ ಕ್ಲೋಕಿಂಗ್ ಎನ್ನುತ್ತಾರೆ. ಮಾಲೀಕರಿಗೆ ಗೊತ್ತಾಗದಿರಲಿ ಎಂದೇ ಈ ಆಟ. ಆ ಲಿಂಕನ್ನು ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ಗೆ ಹಾಕಿ, ಗೂಗಲ್‌ಗೆ ಏನು ಸಿಗುತ್ತಿದೆ ಎಂದು ಅಲ್ಲಿ ಕಾಣುತ್ತದೆ.

ನನಗೆ ಜಾಸ್ತಿ ಚಿಂತೆ ಇರುವುದು ಬೇರೆ ಕಡೆ. ಸರ್ಚ್ ಕನ್ಸೋಲ್‌ನಲ್ಲಿ ಬಳಕೆದಾರರ ಪಟ್ಟಿ ತೆಗೆಯಿರಿ. ಗೊತ್ತಿಲ್ಲದ ಇಮೇಲ್ ಮಾಲೀಕನ ಹೆಸರಲ್ಲಿ ಕೂತಿದೆಯಾ? ಇಂಥ ಹ್ಯಾಕ್‌ನಲ್ಲಿ ಅವರು ತಮ್ಮನ್ನೇ ಮಾಲೀಕರನ್ನಾಗಿ ಸೇರಿಸಿಕೊಳ್ಳುವುದು ಮಾಮೂಲು. ಹೆಸರು ತೆಗೆದರೆ ಮಾತ್ರ ಸಾಲದು. ಮಾಲೀಕರು ತಾವೇ ಎಂದು ತೋರಿಸಲು ಸರ್ವರ್‌ನಲ್ಲಿ ಅವರು ಇಟ್ಟ ದೃಢೀಕರಣ ಫೈಲ್ ಅಳಿಸದಿದ್ದರೆ ಮತ್ತೆ ಬಂದು ಕೂರುತ್ತಾರೆ.

ಆಮೇಲೆ ಹೋಸ್ಟಿಂಗ್, ಅಡ್ಮಿನ್, ಎಫ್‌ಟಿಪಿ (ಸರ್ವರ್‌ಗೆ ಫೈಲ್ ಕಳಿಸುವ ದಾರಿ), ಡೇಟಾಬೇಸ್ ಪಾಸ್‌ವರ್ಡ್ ಎಲ್ಲ ಬದಲಿಸಿ. ಎಚ್‌ಟಿಆಕ್ಸೆಸ್ ಫೈಲ್ (ಸರ್ವರ್‌ಗೆ ಸೂಚನೆ ಕೊಡುವ ಫೈಲ್) ಮತ್ತು ಸೈಟ್‌ಮ್ಯಾಪ್ (ಸೈಟ್‌ನ ಪುಟಗಳ ಪಟ್ಟಿ) ತೆರೆದು ನೋಡಿ. ಬ್ಯಾಕಪ್ ಹಾಕುವುದಾದರೆ ಹ್ಯಾಕ್‌ಗಿಂತ ಹಿಂದಿನದ್ದೇ ಹಾಕಿ, ಅವರು ನುಗ್ಗಿದ ಪ್ಲಗಿನ್ (ಸೈಟ್‌ಗೆ ಸೇರಿಸುವ ಚಿಕ್ಕ ಪ್ರೋಗ್ರಾಂ) ಅಪ್‌ಡೇಟ್ ಮಾಡಿ ಅಥವಾ ಕಿತ್ತುಹಾಕಿ. ಬಾಗಿಲು ತೆರೆದಿಟ್ಟು ಮನೆ ಗುಡಿಸಿದಂತೆ ಆಗಬಾರದು. ಆ ಕಳ್ಳ ಪುಟಗಳು ಗೂಗಲ್‌ಗೂ 404 (ಪುಟ ಸಿಗಲಿಲ್ಲ) ಅಥವಾ 410 (ಪುಟ ತೆಗೆಯಲಾಗಿದೆ) ಎಂದೇ ಉತ್ತರಿಸಬೇಕು. ಅದನ್ನು ನೋಡಲು ಗೂಗಲ್ ಒಳಗೆ ಬರಬೇಕಲ್ವಾ? ರೋಬೋಟ್ಸ್‌ನಲ್ಲಿ ತಡೆದರೆ ಹೇಗೆ ಬರುತ್ತದೆ?

ಸರ್ಚ್ ಕನ್ಸೋಲ್‌ನ ಸೆಕ್ಯುರಿಟಿ ಇಶ್ಯೂಸ್ ವರದಿಯಲ್ಲಿ ಎಚ್ಚರಿಕೆ ಇದ್ದರೆ, ಪೂರ್ತಿ ಶುಚಿಯಾದ ಮೇಲೆ ಮರುಪರಿಶೀಲನೆ ಕೇಳಿ. ಅರ್ಧಕ್ಕೆ ಕೇಳಬೇಡಿ. ಏನು ಸಿಕ್ಕಿತು ಎಂದು ಇಲ್ಲೇ ತಿಳಿಸಿ.

ಎಸ್. ಬಿ.: ಮೊದಲ ಪುಟಕ್ಕೆ ಎಷ್ಟು ದಿನ?

ವಿ.: ಮೇಲೆ ಹೇಳಿದ್ದೇನೆ.

ಎನ್. ಟಿ.: *ಫಾರ್ವರ್ಡ್ ಆಗಿ ಬಂದದ್ದು:* ‘ಕೀವರ್ಡ್ ಟ್ಯಾಗ್‌ನಲ್ಲಿ 50 ಪದ ತುಂಬಿ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದಲ್ಲಿ ಅದನ್ನೇ ಬರೆಯಿರಿ. 1000 ಬ್ಯಾಕ್‌ಲಿಂಕ್ ಕೊಳ್ಳಿ. ವಾರದಲ್ಲಿ ನಂಬರ್ 1!’

ವಿ.: ಇದು ಇನ್ನೂ ಸುತ್ತುತ್ತಿದೆಯಾ? ವೆಬ್ ರ್ಯಾಂಕಿಂಗ್‌ಗೆ ಕೀವರ್ಡ್ ಮೆಟಾ ಟ್ಯಾಗ್ (ಪುಟದ ಕೋಡ್‌ನಲ್ಲಿ ಹುಡುಕುವ ಪದಗಳನ್ನು ಬರೆಯುವ ಜಾಗ) ನೋಡುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಹಾಗಾಗಿ ಮೊದಲನೆಯದು ಸುಮ್ನೆ ಕೆಲಸ. ಉಳಿದ ಎರಡು ಅಪಾಯ. ಅಡಗಿಸಿದ ಅಕ್ಷರ ಸ್ಪ್ಯಾಮ್ ನಿಯಮಕ್ಕೆ ವಿರುದ್ಧ. ರ್ಯಾಂಕ್‌ಗಾಗಿ ಬ್ಯಾಕ್‌ಲಿಂಕ್, ಅಂದರೆ ಬೇರೆ ಸೈಟ್‌ಗಳಿಂದ ನಿಮ್ಮ ಸೈಟ್‌ಗೆ ಬರುವ ಲಿಂಕ್ ಕೊಳ್ಳುವುದೂ ಅಷ್ಟೇ. ಗೂಗಲ್ ತನ್ನ ರ್ಯಾಂಕಿಂಗ್‌ನಲ್ಲಿ ಮಾಡಿದ 2012ರ ಪೆಂಗ್ವಿನ್ ಅಪ್‌ಡೇಟ್ ಬಂದದ್ದೇ ಇಂಥವರನ್ನು ತಡೆಯಲು. ದಯವಿಟ್ಟು ಇದನ್ನು ಬೇರೆ ಗುಂಪಿಗೆ ಕಳಿಸಬೇಡಿ.

ಎನ್. ಟಿ.: ನನ್ನ ಸ್ನೇಹಿತನಿಗೆ ಕೆಲಸ ಮಾಡಿದೆ.

ವಿ.: ಸರ್ಚ್ ಕನ್ಸೋಲ್‌ನಲ್ಲಿ ಅವರ ಮ್ಯಾನುಯಲ್ ಆಕ್ಷನ್ ವರದಿ (ನಿಯಮ ಮುರಿದ ಸೈಟ್ ಮೇಲೆ ಗೂಗಲ್ ತೆಗೆದುಕೊಂಡ ಕ್ರಮ) ನೋಡಿದ್ದೀರಾ?

ಡಿ. ಎಲ್.: ಇದೆಲ್ಲ ಯಾಕೆ? ಗೂಗಲ್‌ಗೆ ಜಾಹೀರಾತು ಕೊಡಿ, ರ್ಯಾಂಕ್ ತಾನಾಗೇ ಏರುತ್ತದೆ.

ಹೆಚ್. ವಿ.: ಏರುವುದಿಲ್ಲ ಸರ್. ಜಾಹೀರಾತಿಗೂ ಸಹಜ ಫಲಿತಾಂಶಕ್ಕೂ ಸಂಬಂಧ ಇಲ್ಲ ಎಂದು ಗೂಗಲೇ ಹೇಳುತ್ತದೆ.

ಡಿ. ಎಲ್.: ಅವರು ಹಾಗೇ ಹೇಳುತ್ತಾರೆ. ಕೊಟ್ಟು ನೋಡಿದವನು ನಾನು.

ಹೆಚ್. ವಿ.: ಜಾಹೀರಾತು ನಿಲ್ಲಿಸಿದ ಮೇಲೆ ನೋಡಿದಿರಾ? ಆಗ ಬರುತ್ತಿದ್ದವರು ಜಾಹೀರಾತು ಒತ್ತಿ ಬಂದವರು.

ಡಿ. ಎಲ್.: ನೀವು ಎಷ್ಟು ಸೈಟ್ ನಡೆಸಿದ್ದೀರಿ ಸ್ವಾಮಿ?

ಹೆಚ್. ವಿ.: ಅದು ಇಲ್ಲಿ ಯಾಕೆ?

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಡಿ. ಎಲ್.: ಅವರಿಗೆ ಹೇಳಿ.

ಪಿ. ಎನ್.: ಎಐ ಕೈಲಿ ದಿನಾ 100 ಲೇಖನ ಬರೆಸಿ ಹಾಕಬಹುದಾ?

ವಿ.: ಎಐ ಬಳಸುವುದೇ ತಪ್ಪಲ್ಲ. ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ರ್ಯಾಂಕ್‌ಗಾಗಿ ರಾಶಿ ಹಾಕುವುದು ತಪ್ಪು. 2024ರ ಮಾರ್ಚ್‌ನಲ್ಲಿ ಗೂಗಲ್ ಇದಕ್ಕೇ ನಿಯಮ ತಂದಿದೆ. ದಿನಾ 100 ಲೇಖನ ನೀವೇ ಓದುತ್ತೀರಾ?

ಜಿ. ಪಿ.: ಮೇಡಂ, ಇನ್‌ಸ್ಟಾಗ್ರಾಂ ಬಗ್ಗೆ ಕೇಳಿದ್ದೆ.

ಟಿ. ಜೆ.: ಮೊದಲ ಪುಟಕ್ಕೆ ಬರಲು ಎಷ್ಟು ಸಮಯ ಆಗಬಹುದು ಮೇಡಂ?

ವಿ.: ಅಡ್ಮಿನ್ ಅವರೇ, ಇದನ್ನು ಕೇಳುವವರನ್ನು ನೀವೇ ನೋಡಿಕೊಳ್ಳಿ.

ಎಂ. ಆರ್.: ಮೇಡಂ, ಸಿಕ್ಕಿತು. ಪಟ್ಟಿಯಲ್ಲಿ ಗೊತ್ತಿಲ್ಲದ ಎರಡು ಇಮೇಲ್ ಇವೆ. ಸೈಟ್ ಮಾಡಿಕೊಟ್ಟವರು ‘ರಿಮೂವಲ್ಸ್ ಟೂಲ್‌ನಲ್ಲಿ ಪುಟ ತೆಗೆಸಿದರೆ ಮುಗಿಯಿತು’ ಎನ್ನುತ್ತಾರೆ.

ವಿ.: ಮುಗಿಯುವುದಿಲ್ಲ. ಅದು ಸುಮಾರು 6 ತಿಂಗಳು ಮರೆ ಮಾಡುತ್ತದೆ ಅಷ್ಟೇ, ಸೈಟ್‌ನಲ್ಲಿ ಇರುವುದು ಅಲ್ಲೇ ಇರುತ್ತದೆ. ಆ ಎರಡು ಇಮೇಲ್‌ಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಅವರ ದೃಢೀಕರಣ ಫೈಲ್ ಅಳಿಸಿ, ಇಬ್ಬರನ್ನೂ ತೆಗೆಯಿರಿ. ಅವರು ಹೊಸ ಸೈಟ್‌ಮ್ಯಾಪ್ ಸೇರಿಸಿದ್ದರೆ ಅದನ್ನೂ ತೆಗೆಯಿರಿ. ಹೋಸ್ಟಿಂಗ್‌ನವರಿಗೆ ಇವತ್ತೇ ಬರೆದು ಸರ್ವರ್ ಲಾಗ್ ಕೇಳಿ, ಹಳೆಯದಾದರೆ ಅಳಿಸಿಬಿಡುತ್ತಾರೆ. ಸೈಟ್ ಮಾಡಿಕೊಟ್ಟವರ ಲಾಗಿನ್ ಪಾಸ್‌ವರ್ಡನ್ನೂ ಬದಲಿಸಿ.