ಬದುವಿನ ಬಳ್ಳಾರಿ ಜಾಲಿ ಕಡಿಯಾಕ ಯಾವ ಚೈನ್‌ಸಾ ತಗೋಬೇಕು?

ಪ್ರಶ್ನೆ (ಹಾವೇರಿ):
ಹೊಲದ ಬದುವಿನ ತುಂಬ ಬಳ್ಳಾರಿ ಜಾಲಿ ಬೆಳದೈತಿ. ಬುಡ ಹೆಚ್ಚಿನವು 6ರಿಂದ 10 ಇಂಚು. ಒಣಗಿದ ಎರಡು ಬೇವಿನ ಗಿಡಾನೂ ಅದಾವು, ಅವು ಎರಡು ಅಡಿ ದಪ್ಪ. ಸ್ಟಿಲ್ ಕಂಪನಿ ಎಂಎಸ್ 180 ಸಾಕೋ, ಎಂಎಸ್ 250 ಬೇಕೋ? ಆನ್‌ಲೈನ್‌ನಾಗ 58 ಸಿಸಿ, 22 ಇಂಚು ಬಾರ್ (ಚೈನ್ ಸುತ್ತೋ ಉದ್ದ ಪಟ್ಟಿ) ಇರೋ ಮಷಿನ್ ಇವಕ್ಕಿಂತ ಭಾಳ ಅಗ್ಗ ಅದಾವು. ತಗೋಬಹುದೇನ್ರಿ?

ಉತ್ತರ (ಹುಬ್ಬಳ್ಳಿ):
ನಿಮ್ಮ ಕೆಲಸಕ್ಕ ಎಂಎಸ್ 250, 16 ಇಂಚು ಬಾರ್. 180 ಅಂದ್ರ 31.8 ಸಿಸಿ, ಟೊಂಗಿ ಸವರಾಕ, ಸಣ್ಣ ಕಟಗಿಗೆ ಚಲೋ. ಒಣ ಜಾಲಿ ಬುಡಕ್ಕ ದಿನವಿಡೀ ಹಚ್ಚಿದ್ರ ಸೋಲತೈತಿ. 250 ಅಂದ್ರ 45.4 ಸಿಸಿ, 2.3 ಕಿಲೋವ್ಯಾಟ್, ತೂಕ ಬಾರ್ ಬಿಟ್ಟು 4.6 ಕೆಜಿ. ಬರೇ ಸಿಸಿ ನೋಡಬ್ಯಾಡ್ರಿ: ಹುಸ್ಕ್ವರ್ನಾ ಕಂಪನಿ 120 ಮಾರ್ಕ್ 2 ಐತಲ್ಲ, 38.2 ಸಿಸಿ ಇದ್ರೂ ಶಕ್ತಿ 1.4 ಕಿಲೋವ್ಯಾಟ್ ಅಷ್ಟ. ಉದ್ದ ಬಾರ್ ಹಾಕಿದ್ರ ಕಟಗಿಯೊಳಗ ಹಲ್ಲು ಹೆಚ್ಚು ಕೂತು ಎಂಜಿನ್ ಮ್ಯಾಲೆ ಭಾರ ಬೀಳತೈತಿ. ಚೈನ್ ಸಿಕ್ಕೊಂಡು ನಿಂತಾಗ ರೇಸ್ ಕೊಡತಾ ಹೋದ್ರ ಕ್ಲಚ್ ಸುಡತೈತಿ. ಎರಡು ಅಡಿ ಬೇವನ್ನ 16 ಇಂಚಿನಾಗ ಎರಡೂ ಮಗ್ಗಲಿಂದ ಕೊಯ್ಯಬಹುದು.

ಉತ್ತರ (ಗದಗ):
58 ಸಿಸಿ ಮಷಿನ್ ತಗೊಳ್ಳೋದಾದ್ರ ಬಾರ್ ಮ್ಯಾಲಿನ ಮೂರು ಅಂಕಿ ಮೊದಲು ಓದ್ರಿ: ಪಿಚ್ (ಚೈನ್ ಕೊಂಡಿಗಳ ಅಂತರ), ಗೇಜ್ (ಬಾರಿನ ಸಂದಿ ಅಗಲ), ಡ್ರೈವ್ ಲಿಂಕ್ (ಆ ಸಂದಿಯೊಳಗ ಓಡೋ ಕೊಂಡಿ) ಎಣಿಕೆ. ಇಂಥವು ಸಾಮಾನ್ಯವಾಗಿ 0.325 ಇಂಚು ಪಿಚ್, 0.058 ಇಂಚು ಗೇಜ್. ಎಂಎಸ್ 250ಕ್ಕೂ ಪಿಚ್ ಅದೇ, ಆದ್ರ ಗೇಜ್ 0.063, ಅದರ ಚೈನ್ ಇದರ ಬಾರಿನ ಸಂದಿಯೊಳಗ ಕೂಡಂಗಿಲ್ಲ. ಕಾರ್ಬುರೇಟರ್ ಕಿಟ್, ಆಯಿಲ್ ಪಂಪ್, ಸ್ಟಾರ್ಟರ್ ಹಗ್ಗ ನಿಮ್ಮೂರ ಹತ್ರ ಯಾವ ಅಂಗಡಿಯಾಗ ಸಿಗತಾವು ಅಂತ ಕೇಳಿಕೊಂಡ ಮ್ಯಾಲೆ ರೊಕ್ಕ ಕೊಡ್ರಿ. ಬಿಡಿಭಾಗ ಸಿಗದಿದ್ರ ಅಗ್ಗದ್ದೇ ತುಟ್ಟಿ ಆಗತೈತಿ.

ಉತ್ತರ (ಧಾರವಾಡ):
ಮಷಿನ್‌ಗಿಂತ ಹೆಚ್ಚು ತೊಂದರೆ ಕೊಡುವುದು ಮೊಂಡು ಚೈನ್. ಜಾಲಿ ಬುಡಕ್ಕೆ ಎರೆಮಣ್ಣು ಮೆತ್ತಿರುತ್ತದೆ, ಕೊಡಲಿಯ ಹಿಂಬದಿಯಿಂದ ಕೆರೆದು ತೆಗೆದು ಆಮೇಲೆ ಕೊಯ್ಯಿರಿ. ಚಕ್ಕೆ ಬೀಳುವ ಬದಲು ನುಣ್ಣನೆ ಹಿಟ್ಟು ಉದುರತೊಡಗಿದರೆ ಹಲ್ಲು ಹೋಗಿದೆ ಎಂದೇ ಅರ್ಥ. ಒತ್ತಿ ಕೊಯ್ದರೆ ಬಾರ್ ಕಾದು ನೀಲಿಯಾಗುತ್ತದೆ. 250ರ ಚೈನ್‌ಗೆ 4.8 ಮಿಮೀ ಗುಂಡು ಫೈಲ್, 180ಕ್ಕೆ 4 ಮಿಮೀ. 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಮಾತ್ರ ಉಜ್ಜಿರಿ. ಪ್ರತಿ ಹಲ್ಲಿಗೂ ಅಷ್ಟೇ ಸಲ. ಒಂದು ಬದಿಯ ಹಲ್ಲು ಹೆಚ್ಚು ಸವೆದರೆ ಕೊಯ್ತ ಸೊಟ್ಟ ಹೋಗುತ್ತದೆ. ಹಲ್ಲಿನ ಮುಂದಿನ ಸಣ್ಣ ಉಬ್ಬು ಹಲ್ಲಿಗಿಂತ 0.65 ಮಿಮೀ ಕೆಳಗಿರಬೇಕು.

ಪೆಟ್ರೋಲ್ ಲೀಟರಿಗೆ 20 ಮಿಲಿ ಸ್ಟಿಲ್ 2ಟಿ ಆಯಿಲ್. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ; ತಿಂಗಳುಗಟ್ಟಲೆ ಇಡುವುದಿದ್ದರೆ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ. ಇಲ್ಲದಿದ್ದರೆ ಕಾರ್ಬುರೇಟರಿನ ಡಯಾಫ್ರಂ (ತೆಳು ಪೊರೆ) ಬಿರುಸಾಗುತ್ತದೆ.

ಪ್ರಶ್ನೆ ಕೇಳಿದವರು:
ಚೈನ್‌ಗೆ ಟ್ರ್ಯಾಕ್ಟರಿನ ಹಳೇ ಆಯಿಲ್ ನಡೀತೈತೇನ್ರಿ ಸರ್?

ಉತ್ತರ (ಧಾರವಾಡ):
ಬೇಡ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಪಂಪ್ ಕೆಡುತ್ತದೆ. ಚೈನ್ ಆಯಿಲ್ ಅಂಟಾಗಿರುವುದರಿಂದಲೇ ಬಾರಿನ ಮೇಲೆ ನಿಲ್ಲುತ್ತದೆ. ಪೆಟ್ರೋಲ್ ತುಂಬಿಸಿದಾಗಲೆಲ್ಲ ಅದನ್ನೂ ತುಂಬಿಸಿ. ಬಾರಿನ ತುದಿಯನ್ನು ಬಿಳಿ ಕಾಗದದತ್ತ ಹಿಡಿದು ರೇಸ್ ಕೊಡಿ. ಎಣ್ಣೆಯ ಗೆರೆ ಬೀಳದಿದ್ದರೆ ಬಾರ್ ಬಿಚ್ಚಿ ಅದರ ಎಣ್ಣೆ ತೂತು ಚೊಕ್ಕ ಮಾಡಿ.