ಅದು ಇನ್ನೂ ಬೆಂದೇ ಇರಲಿಲ್ಲ, ಪುಟ್ಟಿ

ಪುಟ್ಟಿ, ನಿನ್ನ ಸಂದೇಶವನ್ನು ಈಗಷ್ಟೇ ಕೇಳಿದೆ. ಅಡುಗೆಮನೆಯಲ್ಲೇ ನಿಂತು ಮಾತನಾಡುತ್ತಿದ್ದೇನೆ. ಹಿಂದೆ ಪಾತ್ರೆ ಕುಕ್ಕಿದ ಸದ್ದು ಕೇಳಿದರೆ ಅದು ನಿನ್ನ ಚಿಕ್ಕಮ್ಮನ ಅಭಿಪ್ರಾಯ ಎಂದು ತಿಳಿದುಕೋ. ಗಂಟೆಗಟ್ಟಲೆ ಸಣ್ಣ ಬಿಸಿಯಲ್ಲಿ ಬೇಯಿಸುವ ಆ ಕರೆಂಟಿನ ಸ್ಲೋ ಕುಕ್ಕರ್‌ನಲ್ಲಿ ಎಳೆ ಎಳೆಯಾಗಿ ಬಿಡಿಸುವ ಪುಲ್ಡ್ ಪೋರ್ಕ್‌ಗೆಂದು ಐದು ಗಂಟೆ ಇಟ್ಟರೂ ಹಂದಿಮಾಂಸ ರಬ್ಬರಿನಂತಾಯಿತು, ಅತಿಯಾಗಿ ಬೆಂದಿರಬೇಕು, ಭಾನುವಾರದ ಹುಟ್ಟುಹಬ್ಬದ ಸ್ಯಾಂಡ್‌ವಿಚ್‌ಗೆ ಮೂರೇ ಗಂಟೆ ಸಾಕೇ ಎಂದು ಕೇಳಿದ್ದೀಯ. ಬೇಡ ಕಣಮ್ಮ. ಅದು ಹೆಚ್ಚು ಬೆಂದದ್ದಲ್ಲ, ಇನ್ನೂ ಬೆಂದೇ ಇರಲಿಲ್ಲ.

ಅಜ್ಜಿ ಮಾಡುತ್ತಿದ್ದ ಕಾಲು ಸೂಪು ನೆನಪಿದೆಯೇ? ಕುಡಿದ ಮೇಲೆ ತುಟಿಗೆ ತುಟಿ ಅಂಟುತ್ತಿತ್ತಲ್ಲ, ಆ ಅಂಟೇ ಇಲ್ಲಿಯೂ ಬೇಕಾದದ್ದು. ಹಂದಿಯ ಭುಜದ ಮಾಂಸದಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ತುಂಬಿರುತ್ತದೆ. ಗಂಟೆಗಟ್ಟಲೆ ಬಿಸಿಯಲ್ಲಿದ್ದರೆ ಅದು ಕರಗಿ ಜೆಲಾಟಿನ್ ಆಗುತ್ತದೆ, ಆಗ ಮಾಂಸ ತಾನಾಗಿಯೇ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಮಾಂಸದ ಒಳಗಿನ ಬಿಸಿ 90ರಿಂದ 95 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಈ ಕೆಲಸ ಮುಗಿಯುವುದಿಲ್ಲ. ನೀನು ನಡುದಾರಿಯಲ್ಲಿ ಇಳಿಸಿಬಿಟ್ಟೆ. ಎರಡು ಫೋರ್ಕ್ ಚುಚ್ಚಿ ತಿರುಗಿಸು. ಬಲ ಹಾಕಬೇಕಾಗಿ ಬಂದರೆ ಮುಚ್ಚಳ ಮುಚ್ಚಿ ಇನ್ನೊಂದು ಗಂಟೆ ಅತ್ತ ತಿರುಗಿಯೂ ನೋಡಬೇಡ. ಮುಚ್ಚಳ ತೆಗೆದಾಗಲೆಲ್ಲ ಒಳಗಿನ ಬಿಸಿ ಹಾರಿಹೋಗಿ ಅಡುಗೆ ಇಪ್ಪತ್ತು ಮೂವತ್ತು ನಿಮಿಷ ಹಿಂದಕ್ಕೆ ಬೀಳುತ್ತದೆ. ಸಾರಿಗೆ ಸೌಟು ಆಡಿಸುವ ನಮ್ಮ ಕೈಗೆ ಇದೇ ದೊಡ್ಡ ಶಿಕ್ಷೆ.

ನಾನೂ ಮೊದಲ ಸಲ ಕೆಡಿಸಿದವನೇ. ಕೊಬ್ಬಿಲ್ಲದ ಒಳ್ಳೆಯ ಮಾಂಸ ಕೊಡಿ ಎಂದು ಜಂಬದಿಂದ ಕೇಳಿ ಬೆನ್ನಿನ ತುಂಡು ತಂದೆ. ಎಂಟು ಗಂಟೆ ಬೆಂದು ತೆಂಗಿನ ನಾರಿನಂತಾಯಿತು. ಆ ಮಾಂಸದಲ್ಲಿ ಕರಗಲು ಏನೂ ಇರುವುದಿಲ್ಲ. ನೀನು ಭುಜದ್ದೇ ಕೇಳು. ಅಂಗಡಿಯವರು ಅಭ್ಯಾಸಬಲದಿಂದ ಸಾರಿನ ತುಂಡು ಹೊಡೆದುಬಿಡುತ್ತಾರೆ, ಕತ್ತಿ ಎತ್ತುವ ಮೊದಲೇ ಬಾಯಿ ಬಿಡಬೇಕು: ಚರ್ಮ ತೆಗೆಯಿರಿ, ಕೊಬ್ಬು ಇರಲಿ, ಒಂದೂವರೆ ಕೆಜಿಯನ್ನು ಎರಡೇ ತುಂಡು ಮಾಡಿ. ಬೆಂದ ಮೇಲೆ ಸುಮಾರು 900 ಗ್ರಾಂ ಉಳಿಯುತ್ತದೆ, ಎಂಟು ಹತ್ತು ಬನ್‌ಗೆ ಸಾಕು.

ಉಪ್ಪು, ಕಾಳುಮೆಣಸು, ಜೀರಿಗೆ, ಬ್ಯಾಡಗಿ ಮೆಣಸಿನ ಪುಡಿ, ಜಜ್ಜಿದ ಬೆಳ್ಳುಳ್ಳಿ, ಒಂದು ಹಿಡಿ ಬೆಲ್ಲ, ಇಷ್ಟನ್ನು ಉಜ್ಜು. ಮಂಡ್ಯದಲ್ಲಿ ಕುಳಿತು ಬೆಲ್ಲಕ್ಕೆ ಬದಲು ಬ್ರೌನ್ ಶುಗರ್ ಹುಡುಕುವೆಯಾದರೆ ನನಗೆ ಹೇಳಬೇಡ. ತಳಕ್ಕೆ ಈರುಳ್ಳಿ ಹಾಸಿ ಅರ್ಧ ಲೋಟ ನೀರು ಹಾಕು, ಅಷ್ಟೇ. ಇದರಲ್ಲಿ ಹಬೆ ಹೊರಗೆ ಹೋಗುವುದೇ ಕಡಿಮೆ, ಮಾಂಸವೇ ರಸ ಬಿಡುತ್ತದೆ.

ಇದು ಅಮೆರಿಕದ ದಕ್ಷಿಣ ರಾಜ್ಯಗಳ ಅಡುಗೆ. ಉತ್ತರ ಕ್ಯಾರೊಲಿನಾದ ಪೂರ್ವ ಭಾಗದವರು ಇದಕ್ಕೆ ವಿನೆಗರ್ ಮತ್ತು ಮೆಣಸಿನ ತೆಳು ಸಾಸ್ ಹಾಕುತ್ತಾರೆ, ದಕ್ಷಿಣ ಕ್ಯಾರೊಲಿನಾದಲ್ಲಿ ಸಾಸಿವೆಯ ಸಾಸ್ ಹೆಸರುವಾಸಿ. ಕೊಬ್ಬಿಗೆ ಹುಳಿ ಬೇಕೆಂಬುದು ಕೊಡಗಿನವರಿಗೂ ಗೊತ್ತು, ಅವರ ಹಂದಿಮಾಂಸದ ಪಂದಿ ಕರಿಗೆ ಕಾಚಂಪುಳಿ, ಅಂದರೆ ಹಣ್ಣಿನ ರಸ ಬತ್ತಿಸಿ ಮಾಡಿದ ಹುಳಿ, ಹಾಕುವುದು ಅದಕ್ಕೇ. ನಾನು ಟೊಮೆಟೊ ಸಾಸ್, ಬೆಲ್ಲ, ಸಾಸಿವೆ ಕುದಿಸಿ ವಿನೆಗರ್ ಬದಲು ಒಂದು ಚಮಚ ಕಾಚಂಪುಳಿ ಬೆರೆಸುತ್ತೇನೆ. ಒಂದೇ ಚಮಚ! ಕಪ್ಪಗೆ, ಗಟ್ಟಿಯಾಗಿ ಇರುವ ಅದು ಎರಡನೆಯ ಚಮಚಕ್ಕೆ ಹಲ್ಲು ಚುರುಗುಟ್ಟಿಸುತ್ತದೆ. ಬಿಡಿಸಿದ ಮಾಂಸಕ್ಕೆ ಕುಕ್ಕರಿನ ರಸವನ್ನೂ ಸ್ವಲ್ಪ ಸೇರಿಸು. ಬೇಕರಿಯ ಬನ್ನು ಸಿಹಿಯಾಗಿದ್ದರೂ ಪರವಾಗಿಲ್ಲ, ಬೆಣ್ಣೆ ಸವರಿ ಕಾವಲಿಯ ಮೇಲೆ ಕೆಂಪಗೆ ಮಾಡು, ಇಲ್ಲದಿದ್ದರೆ ರಸಕ್ಕೆ ನೆನೆದು ಕೈಯಲ್ಲೇ ಕುಸಿಯುತ್ತದೆ. ಮೇಲೆ ಹಸಿ ಎಲೆಕೋಸು.

ಕರೆಂಟಿನ ವಿಷಯ. ಈ ಪಾತ್ರೆ ಎಳೆಯುವುದು 200-250 ವ್ಯಾಟ್, ಎಂಟು ಗಂಟೆಗೆ ಎರಡು ಯೂನಿಟ್ ಆದರೆ ಹೆಚ್ಚು. ಆದರೆ ರಾತ್ರಿಯಿಡೀ ಇಟ್ಟು ಮಲಗಬೇಡ. ನಡುವೆ ಕರೆಂಟ್ ಹೋಗಿ, ಎಷ್ಟು ಹೊತ್ತು ಹೋಗಿತ್ತೆಂದು ಗೊತ್ತಾಗದಿದ್ದರೆ ಆ ಮಾಂಸವನ್ನು ಎಸೆಯಬೇಕಾಗುತ್ತದೆ. ಎಚ್ಚರವಿದ್ದರೆ ತಕ್ಷಣ ಒಲೆಗೆ ವರ್ಗಾಯಿಸಬಹುದು. ಶನಿವಾರ ಹಗಲೇ ಮಾಡಿಡು ಎನ್ನುತ್ತಿದ್ದೆ, ಆದರೆ ಶನಿವಾರ ನಿಮ್ಮ ಮನೆಗೆ ಮಾಂಸ ತಂದರೆ ನಿನ್ನ ಅತ್ತೆಯವರು ನಮ್ಮಿಬ್ಬರನ್ನೂ ಮಾತನಾಡಿಸುವುದಿಲ್ಲ. ಊಟವನ್ನು ಭಾನುವಾರ ರಾತ್ರಿ ಎಂಟಕ್ಕೆ ಹಾಕಿಕೋ. ಬೆಳಗ್ಗೆ ಅಂಗಡಿ ತೆರೆಯುತ್ತಲೇ ಮಾಂಸ ತಂದು, ಎಂಟು ಗಂಟೆಗೆ ಕುಕ್ಕರನ್ನು ‘ಲೋ’ಗೆ, ಅಂದರೆ ಕಡಿಮೆ ಬಿಸಿಗೆ, ತಿರುಗಿಸಿ ಇಟ್ಟರೆ ಸಂಜೆ ಆರಕ್ಕೆ ಫೋರ್ಕ್ ಚುಚ್ಚಬಹುದು. ಕಾಚಂಪುಳಿ ಬಾಟಲಿ ನಾನು ತರುತ್ತೇನೆ, ಮಧ್ಯಾಹ್ನದ ರೈಲಿಗೆ ಬರುತ್ತೇವೆ. ನಿನ್ನ ಚಿಕ್ಕಮ್ಮ ಇಲ್ಲಿಂದಲೇ ಕೂಗುತ್ತಿದ್ದಾಳೆ, ಅವಳಿಗೆ ಬನ್ನು ಬೇಡವಂತೆ, ಎರಡು ಮುದ್ದೆ ತಿರುವಿಡಬೇಕಂತೆ.